ಮನೆ ಬೆಚ್ಚಗಿಡುವ ಇಂಧನಗಳು: ಆರೋಗ್ಯದ ಅಪಾಯ ಮತ್ತು ನಿಜವಾದ ಖರ್ಚಿನ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡಲು ಸೌದೆ, ಇದ್ದಿಲು, ಕಲ್ಲಿದ್ದಲು, ಸೀಮೆಎಣ್ಣೆ, ಅನಿಲ, ವಿದ್ಯುತ್ ಇವುಗಳಲ್ಲಿ ಯಾವುದನ್ನು ಬಳಸಬೇಕು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ಯಾವುದು ಅಗ್ಗವೋ ಅದು’ ಎಂಬುದೇ. ಆದರೆ ತೂಗಿ ಕೊಂಡ ಇಂಧನದ ಬೆಲೆ ಒಂದಾದರೆ, ಆ ಇಂಧನದಿಂದ ಕೋಣೆಗೆ ನಿಜವಾಗಿ ದಕ್ಕಿದ ಶಾಖದ ಬೆಲೆ ಇನ್ನೊಂದು, ಅದರ ಹೊಗೆಯನ್ನು ಉಸಿರಾಡಿದವರು ತೆರುವ ಬೆಲೆ ಮತ್ತೊಂದು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಅಗ್ಗವೆಂದುಕೊಂಡ ಇಂಧನವೇ ದುಬಾರಿಯಾಗಿ ಕಾಣುವುದು ಅಪರೂಪವೇನಲ್ಲ. ಕೆಳಗಿನ ಉತ್ತರಗಳು ಈ ಮೂರು ಲೆಕ್ಕಗಳನ್ನೂ ಗಮನದಲ್ಲಿಟ್ಟುಕೊಂಡಿವೆ.

ಅಡುಗೆಮನೆಯ ಹೊಗೆಯ ಬಗ್ಗೆ ಬಹಳ ಕೇಳಿದ್ದೇವೆ. ಮನೆ ಬೆಚ್ಚಗಿಡುವ ಬೆಂಕಿಯ ಹೊಗೆ ಅದಕ್ಕಿಂತ ಬೇರೆಯೇ?

ಹೊಗೆಯ ಸ್ವರೂಪ ಹೆಚ್ಚುಕಡಿಮೆ ಒಂದೇ, ಆದರೆ ಅದು ನಮ್ಮನ್ನು ತಲುಪುವ ರೀತಿ ಬೇರೆ. ಅಡುಗೆಯ ಬೆಂಕಿ ದಿನಕ್ಕೆ ಕೆಲವು ಗಂಟೆ ಉರಿದು ಆರುತ್ತದೆ. ಚಳಿ ಕಾಯಿಸುವ ಬೆಂಕಿ ಸಂಜೆಯಿಂದ ಬೆಳಗಿನವರೆಗೂ ಇರುತ್ತದೆ, ಅದೂ ಕಿಟಕಿ ಬಾಗಿಲುಗಳನ್ನು ಭದ್ರವಾಗಿ ಮುಚ್ಚಿಕೊಂಡ ಹೊತ್ತಿನಲ್ಲಿ. ಅಡುಗೆಯ ಹೊಗೆ ಹೆಚ್ಚಾಗಿ ಅಡುಗೆ ಮಾಡುವವರನ್ನು ಕಾಡಿದರೆ, ಇದು ಮಲಗಿರುವ ಮಕ್ಕಳು, ವೃದ್ಧರು, ಕಾಯಿಲೆಯವರು ಸೇರಿದಂತೆ ಇಡೀ ಮನೆಯನ್ನು ಕಾಡುತ್ತದೆ. ಜೊತೆಗೆ, ರಾತ್ರಿಯಿಡೀ ಬೆಂಕಿ ಉಳಿಯಲಿ ಎಂದು ಗಾಳಿಯನ್ನು ಕಡಿಮೆ ಮಾಡಿ ಸೌದೆಯನ್ನು ಹೊಗೆಯಾಡಲು ಬಿಡುವ ಅಭ್ಯಾಸವಿದೆ. ಅತಿ ಹೆಚ್ಚು ವಿಷ ಹುಟ್ಟುವುದು ಇಂತಹ ಅರೆಬೆಂದ ಬೆಂಕಿಯಲ್ಲೇ. ಚಳಿಗಾಲದ ನಿಶ್ಚಲ ರಾತ್ರಿಗಳಲ್ಲಿ ನೆಲದ ಹತ್ತಿರದ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಪದರ ಕುಳಿತುಬಿಡುವುದರಿಂದ ಹೊರಗೆ ಹೋದ ಹೊಗೆಯೂ ಮೇಲೇರದೆ ಬೀದಿಯಲ್ಲೇ ಉಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ರಲ್ಲಿ ಮನೆಯೊಳಗಿನ ವಾಯುಮಾಲಿನ್ಯಕ್ಕೆ ಸುಮಾರು 32 ಲಕ್ಷ ಜನ ಬಲಿಯಾದರು, ಅವರಲ್ಲಿ 2,37,000ಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ಈ ಅಂದಾಜು ಮುಖ್ಯವಾಗಿ ಅಡುಗೆಗೆ ಬಳಸುವ ಇಂಧನವನ್ನು ಆಧರಿಸಿದ್ದು, ಮನೆ ಬೆಚ್ಚಗಿಡುವ ಬೆಂಕಿಯ ಪಾಲನ್ನು ಪ್ರತ್ಯೇಕವಾಗಿ ಎಣಿಸಿಲ್ಲ ಎಂಬುದನ್ನು ನೆನಪಿಡಬೇಕು.

ಹೊಗೆಯಲ್ಲಿ ಇರುವುದಾದರೂ ಏನು?

ಎಲ್ಲಕ್ಕಿಂತ ಹೆಚ್ಚು ಹಾನಿಕರವೆಂದು ಅಧ್ಯಯನಗಳು ತೋರಿಸಿರುವುದು 2.5 ಮೈಕ್ರೋಮೀಟರ್‌ಗಿಂತ ಚಿಕ್ಕದಾದ ಸೂಕ್ಷ್ಮ ಕಣಗಳನ್ನು. ಇವನ್ನೇ ಪಿಎಂ 2.5 ಎನ್ನುತ್ತಾರೆ. ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಭಾಗದಷ್ಟಿರುವ ಈ ಕಣಗಳನ್ನು ಮೂಗಾಗಲಿ ಗಂಟಲಾಗಲಿ ತಡೆಯಲಾರವು. ಅವು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ಇಳಿಯುತ್ತವೆ, ಅತಿ ಚಿಕ್ಕವು ರಕ್ತವನ್ನೂ ಸೇರುತ್ತವೆ. ಜೊತೆಗೆ ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್ ಎಂಬ ವಿಷಾನಿಲಗಳೂ, ಬೆಂಜೀನ್, ಫಾರ್ಮಾಲ್ಡಿಹೈಡ್, ಬೆಂಜೋಪೈರೀನ್‌ನಂತಹ ಕ್ಯಾನ್ಸರ್‌ಕಾರಕ ಸಂಯುಕ್ತಗಳೂ ಇರುತ್ತವೆ. ಕಲ್ಲಿದ್ದಲಾದರೆ ಗಂಧಕದ ಡೈಆಕ್ಸೈಡ್ ಸೇರುತ್ತದೆ, ಮತ್ತು ಕೆಲವು ಗಣಿಗಳ ಕಲ್ಲಿದ್ದಲಿನಲ್ಲಿ ಆರ್ಸೆನಿಕ್ ಮತ್ತು ಫ್ಲೋರಿನ್ ಕೂಡ ಇರುತ್ತವೆ. ಚೀನಾದ ಗುಯಿಝೌ ಪ್ರಾಂತ್ಯದಲ್ಲಿ ಇಂತಹ ಕಲ್ಲಿದ್ದಲನ್ನು ಮನೆಯೊಳಗೆ ಚಿಮಣಿಯಿಲ್ಲದೆ ಉರಿಸಿದ್ದರಿಂದ ಹಲ್ಲು ಮತ್ತು ಮೂಳೆಗಳ ಫ್ಲೋರೋಸಿಸ್ ಹಾಗೂ ಆರ್ಸೆನಿಕ್ ವಿಷಬಾಧೆ ವ್ಯಾಪಕವಾಗಿ ದಾಖಲಾಗಿದೆ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಪಿಎಂ 2.5ರ ವಾರ್ಷಿಕ ಸರಾಸರಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ಮೀರಬಾರದು, 24 ಗಂಟೆಯ ಸರಾಸರಿ 15 ಮೈಕ್ರೋಗ್ರಾಂ ಮೀರಬಾರದು. ಚಿಮಣಿಯಿಲ್ಲದ ಸೌದೆ ಬೆಂಕಿಯಿರುವ ಕೋಣೆಯಲ್ಲಿ ಈ ಪ್ರಮಾಣ ನೂರಾರು ಮೈಕ್ರೋಗ್ರಾಂಗೆ ಸಲೀಸಾಗಿ ಏರುತ್ತದೆ.

ಇದರಿಂದ ಬರುವ ಕಾಯಿಲೆಗಳು ಯಾವುವು? ಕೆಮ್ಮು, ಕಣ್ಣುರಿ ಬಿಟ್ಟು ಬೇರೇನಾದರೂ ಆಗುತ್ತದೆಯೇ?

ಕೆಮ್ಮು ಮತ್ತು ಕಣ್ಣುರಿ ಕಣ್ಣಿಗೆ ಕಾಣುವ ಭಾಗ ಮಾತ್ರ. ಹೊಗೆಯ ಸಾವುಗಳಲ್ಲಿ ದೊಡ್ಡ ಪಾಲು ಹೃದಯದ ಕಾಯಿಲೆ ಮತ್ತು ಪಾರ್ಶ್ವವಾಯುವಿನದು ಎಂದರೆ ಅನೇಕರು ನಂಬುವುದಿಲ್ಲ, ಏಕೆಂದರೆ ಹೊಗೆ ಎಂದೊಡನೆ ನಮ್ಮ ಮನಸ್ಸು ಶ್ವಾಸಕೋಶದ ಕಡೆಗೇ ಹೋಗುತ್ತದೆ. ಸೂಕ್ಷ್ಮ ಕಣಗಳು ದೇಹದಲ್ಲಿ ಉರಿಯೂತವನ್ನು ಹುಟ್ಟಿಸಿ, ರಕ್ತನಾಳಗಳನ್ನು ಬಿಗಿಗೊಳಿಸಿ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯನ್ನು ಹೆಚ್ಚಿಸುತ್ತವೆ. ಇದಲ್ಲದೆ ದೀರ್ಘಕಾಲದ ಶ್ವಾಸನಾಳ ಅಡಚಣೆಯ ಕಾಯಿಲೆ, ಶ್ವಾಸಕೋಶದ ಕ್ಯಾನ್ಸರ್, ಚಿಕ್ಕ ಮಕ್ಕಳ ನ್ಯುಮೋನಿಯಾ, ಕಣ್ಣಿನ ಪೊರೆ, ಕಡಿಮೆ ತೂಕದ ಶಿಶುಜನನ ಇವೆಲ್ಲಕ್ಕೂ ಮನೆಯ ಹೊಗೆಗೂ ಸಂಬಂಧವಿದೆ. ಅಸ್ತಮಾ ಇರುವವರಿಗೆ ಒಂದೇ ಸಂಜೆಯ ಹೊಗೆ ಸಾಕು, ಆ ರಾತ್ರಿಯೇ ಉಸಿರಾಟ ಕಷ್ಟವಾಗಬಹುದು. ಮಿಕ್ಕ ಕಾಯಿಲೆಗಳು ವರ್ಷಗಳ ನಂತರ ಬರುವುದರಿಂದ ಯಾರೂ ಅದನ್ನು ಒಲೆಯ ಲೆಕ್ಕಕ್ಕೆ ಬರೆಯುವುದಿಲ್ಲ.

ಎಲ್ಲ ಇಂಧನಗಳಲ್ಲಿ ಅತಿ ಅಪಾಯಕಾರಿ ಯಾವುದು?

ಮನೆಯೊಳಗೆ ಉರಿಸುವ ಸಂಸ್ಕರಿಸದ ಕಲ್ಲಿದ್ದಲು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನೆಗಳಲ್ಲಿ ಉರಿಸುವ ಕಲ್ಲಿದ್ದಲಿನ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ಮೊದಲ ಗುಂಪಿನಲ್ಲಿಯೂ, ಸೌದೆಯಂತಹ ಜೈವಿಕ ಇಂಧನಗಳ ಹೊಗೆಯನ್ನು ಕ್ಯಾನ್ಸರ್ ತರುವ ಸಾಧ್ಯತೆ ಹೆಚ್ಚಿರುವ ‘2ಎ’ ಗುಂಪಿನಲ್ಲಿಯೂ ಇರಿಸಿದೆ. ಚೀನಾದ ಯುನ್ನಾನ್ ಪ್ರಾಂತ್ಯದ ಷುವಾನ್‌ವೇ ಪ್ರದೇಶದಲ್ಲಿ ಬೀಡಿ ಸಿಗರೇಟು ಮುಟ್ಟದ ಹೆಂಗಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಸಾಧಾರಣ ಪ್ರಮಾಣದಲ್ಲಿ ಕಂಡುಬಂದುದಕ್ಕೆ ಅಲ್ಲಿ ಮನೆಯೊಳಗೆ ಉರಿಸುತ್ತಿದ್ದ ಹೊಗೆಭರಿತ ಕಲ್ಲಿದ್ದಲೇ ಕಾರಣವೆಂದು ಹಲವು ದಶಕಗಳ ಅಧ್ಯಯನ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2014ರ ಮಾರ್ಗಸೂಚಿಯಲ್ಲಿ ಸಂಸ್ಕರಿಸದ ಕಲ್ಲಿದ್ದಲನ್ನು ಮನೆಯ ಇಂಧನವಾಗಿ ಬಳಸಲೇಬಾರದು ಎಂದಿದೆ; ಸೀಮೆಎಣ್ಣೆಯ ಬಳಕೆಯನ್ನೂ ನಿರುತ್ತೇಜಿಸಬೇಕು ಎಂದಿದೆ.

ಇದು ದೀರ್ಘಕಾಲದ ಅಪಾಯದ ಮಾತು. ಒಂದೇ ರಾತ್ರಿಯಲ್ಲಿ ಪ್ರಾಣ ತೆಗೆಯುವ ವಿಷಯಕ್ಕೆ ಬಂದರೆ ಇದ್ದಿಲಿಗೆ ಮೊದಲ ಸ್ಥಾನ ಕೊಡಬೇಕು. ಇದ್ದಿಲು ಹೊಗೆ ಕಾರುವುದಿಲ್ಲ, ಕಣ್ಣು ಉರಿಸುವುದಿಲ್ಲ, ಆದ್ದರಿಂದಲೇ ಜನ ಅದನ್ನು ಮಲಗುವ ಕೋಣೆಗೆ ತರುತ್ತಾರೆ. ನಿಗಿನಿಗಿ ಕೆಂಡವು ಕಾರ್ಬನ್ ಮಾನಾಕ್ಸೈಡನ್ನು ಧಾರಾಳವಾಗಿ ಬಿಡುತ್ತಲೇ ಇರುತ್ತದೆ.

ಬಣ್ಣ ಬಳಿದ ಹಲಗೆ, ಹುಳ ಹಿಡಿಯದಂತೆ ರಾಸಾಯನಿಕ ಹಾಕಿದ ಮರ, ಪ್ಲೈವುಡ್, ಪ್ಲಾಸ್ಟಿಕ್ ಇವು ಇಂಧನಗಳೇ ಅಲ್ಲ. ಅವುಗಳಿಂದ ಸೀಸ, ಆರ್ಸೆನಿಕ್, ಡೈಆಕ್ಸಿನ್‌ನಂತಹ ವಿಷಗಳು ಹೊಗೆಗೂ ಬೂದಿಗೂ ಸೇರುತ್ತವೆ.

ಕಾರ್ಬನ್ ಮಾನಾಕ್ಸೈಡ್ ವಿಷಬಾಧೆಯನ್ನು ಗುರುತಿಸುವುದು ಹೇಗೆ?

ವಾಸನೆಯಿಂದಾಗಲಿ ಬಣ್ಣದಿಂದಾಗಲಿ ಸಾಧ್ಯವೇ ಇಲ್ಲ, ಈ ಅನಿಲಕ್ಕೆ ಎರಡೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ರಿಂದ 250 ಪಟ್ಟು ಹೆಚ್ಚು ಬಲವಾಗಿ ಇದಕ್ಕೆ ಅಂಟಿಕೊಳ್ಳುತ್ತದೆ. ಹೀಗಾಗಿ ಗಾಳಿಯಲ್ಲಿ ಇದು ಅತ್ಯಲ್ಪವಿದ್ದರೂ ರಕ್ತದಲ್ಲಿ ಆಮ್ಲಜನಕಕ್ಕೆ ಜಾಗವಿಲ್ಲದಂತಾಗುತ್ತದೆ. ಮೊದಲ ಲಕ್ಷಣಗಳು ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು. ನೆಗಡಿ ಜ್ವರದ ಆರಂಭವೆಂದು ತಪ್ಪು ತಿಳಿದು ಹೊದ್ದು ಮಲಗುವವರೇ ಹೆಚ್ಚು, ಮತ್ತು ಆ ನಿದ್ದೆಯಲ್ಲೇ ಪ್ರಜ್ಞೆ ಹೋಗುತ್ತದೆ. ಆದರೆ ಜ್ವರವಿರುವುದಿಲ್ಲ, ಮನೆಯಲ್ಲಿರುವ ಹಲವರಿಗೆ ಒಟ್ಟಿಗೆ ತಲೆನೋವು ಬಂದಿರುತ್ತದೆ, ಹೊರಗೆ ಹೋದರೆ ಕಡಿಮೆಯಾಗುತ್ತದೆ, ಸಾಕುಪ್ರಾಣಿಗಳೂ ಮಂಕಾಗಿರುತ್ತವೆ. ಈ ಸುಳಿವುಗಳಲ್ಲಿ ಒಂದು ಕಂಡರೂ ಎಲ್ಲರೂ ತಕ್ಷಣ ಹೊರಗೆ ಬಂದು, ತುರ್ತು ನೆರವು ಕರೆದು, ವೈದ್ಯರಿಗೆ ‘ಒಳಗೆ ಬೆಂಕಿ ಇತ್ತು’ ಎಂದು ಸ್ಪಷ್ಟವಾಗಿ ಹೇಳಬೇಕು. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಈ ವಿಷವನ್ನು ಆಮ್ಲಜನಕದಿಂದ ಬೇರೆಯಾಗಿ ಗುರುತಿಸಲಾರದು, ಅದು ತೋರಿಸುವ 98 ಅಥವಾ 99ನ್ನು ನಂಬಿ ಕೂರಬಾರದು.

ಸಾಧಾರಣ ಗಾಳಿಯನ್ನು ಉಸಿರಾಡುತ್ತಿದ್ದರೆ ರಕ್ತದಲ್ಲಿರುವ ಈ ವಿಷ ಅರ್ಧಕ್ಕಿಳಿಯಲು ನಾಲ್ಕರಿಂದ ಆರು ಗಂಟೆ ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದರಿಂದ ಒಂದೂವರೆ ಗಂಟೆ ಸಾಕು. ಗರ್ಭಿಣಿಯರ ವಿಷಯದಲ್ಲಿ ಇನ್ನಷ್ಟು ಎಚ್ಚರ ಅಗತ್ಯ, ಏಕೆಂದರೆ ಭ್ರೂಣದ ರಕ್ತದಿಂದ ಅದು ಹೊರಹೋಗುವುದು ತಾಯಿಯ ರಕ್ತಕ್ಕಿಂತ ನಿಧಾನ.

ಬೆಂಕಿ ಉರಿಯುವ ಯಾವುದೇ ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು ಎಂಬುದು ಈ ಪುಟದಲ್ಲಿರುವ ಸಲಹೆಗಳಲ್ಲೆಲ್ಲ ಅತಿ ಕಡಿಮೆ ಖರ್ಚಿನದು ಮತ್ತು ಅತಿ ಹೆಚ್ಚು ಫಲ ಕೊಡುವಂಥದು. ಅದರೊಳಗಿನ ಸಂವೇದಕಕ್ಕೆ ಆಯುಷ್ಯವಿದ್ದು, ಸಾಮಾನ್ಯವಾಗಿ ಐದರಿಂದ ಹತ್ತು ವರ್ಷಕ್ಕೊಮ್ಮೆ ಇಡೀ ಸಾಧನವನ್ನೇ ಬದಲಿಸಬೇಕಾಗುತ್ತದೆ. ಹೊಗೆ ಪತ್ತೆಹಚ್ಚುವ ಅಲಾರಂ ಬೇರೆ, ಇದು ಬೇರೆ.

ಕಿಟಕಿಯನ್ನು ಸ್ವಲ್ಪ ತೆರೆದಿಟ್ಟು ಇದ್ದಿಲು ಉರಿಸಬಹುದೇ?

ಕೂಡದು. ಎಷ್ಟು ತೆರೆದರೆ ಸಾಕು ಎಂದು ಹೇಳುವ ಯಾವ ಸುರಕ್ಷಿತ ಅಳತೆಯೂ ಇಲ್ಲ. ಗಾಳಿಯ ದಿಕ್ಕು ಬದಲಾದರೆ ಅದೇ ಕಿಟಕಿ ನಿಷ್ಪ್ರಯೋಜಕವಾಗುತ್ತದೆ. ಆರಿದಂತೆ ಕಾಣುವ ಬೂದಿಯೊಳಗಿನ ಕೆಂಡವೂ ಗಂಟೆಗಟ್ಟಲೆ ಅನಿಲ ಬಿಡುತ್ತದೆ, ಆದ್ದರಿಂದ ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಮನೆಯ ಹೊರಗೆ ಇಡಬೇಕು.

ಒಳ್ಳೆಯ ಚಿಮಣಿ ಇದ್ದರೆ ಸಮಸ್ಯೆ ಮುಗಿಯಿತಲ್ಲವೇ?

ಅರ್ಧ ಮುಗಿಯುತ್ತದೆ, ಆ ಅರ್ಧ ಸಣ್ಣದಲ್ಲ. ಮೇಲೆ ಹೇಳಿದ ಷುವಾನ್‌ವೇಯಲ್ಲಿ ಚಿಮಣಿಯಿಲ್ಲದ ಬೆಂಕಿಗುಂಡಿಯನ್ನು ಬಿಟ್ಟು ಚಿಮಣಿಯಿರುವ ಒಲೆಗೆ ಬದಲಾದ ಮನೆಗಳನ್ನು ದೀರ್ಘಕಾಲ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಗಂಡಸರಲ್ಲಿ ಶೇಕಡಾ 41, ಹೆಂಗಸರಲ್ಲಿ ಶೇಕಡಾ 46ರಷ್ಟು ಕಡಿಮೆಯಾಗಿತ್ತು. ಇಂಧನ ಅದೇ, ಬದಲಾದದ್ದು ಹೊಗೆ ಹೋಗುವ ದಾರಿ ಮಾತ್ರ.

ಆದರೆ ಚಿಮಣಿ ಹೊಗೆಯನ್ನು ಇಲ್ಲವಾಗಿಸುವುದಿಲ್ಲ, ಹೊರಗೆ ಹಾಕುತ್ತದೆ. ಬೀದಿಯ ಎಲ್ಲ ಮನೆಗಳೂ ಹೀಗೆ ಮಾಡಿದರೆ ಆ ಹೊಗೆ ಪಕ್ಕದ ಮನೆಯ ಕಿಟಕಿಯ ಸಂದಿಯಿಂದ ಒಳಗೆ ಬರುತ್ತದೆ, ನಮ್ಮ ಮನೆಗೂ ಮರಳುತ್ತದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿರುವ ಲಾನ್ಸೆಸ್ಟನ್ ನಗರ ಕಣಿವೆಯಲ್ಲಿದ್ದು, ಅಲ್ಲಿ ಸುಮಾರು ಮೂರನೇ ಎರಡರಷ್ಟು ಮನೆಗಳು ಸೌದೆ ಒಲೆಯಿಂದಲೇ ಬೆಚ್ಚಗಾಗುತ್ತಿದ್ದವು. 2001ರಿಂದ ನಡೆದ ಬದಲಾವಣೆಯ ಕಾರ್ಯಕ್ರಮದಿಂದ ಆ ಪಾಲು ಶೇಕಡಾ 30ಕ್ಕೆ ಇಳಿಯಿತು, ಚಳಿಗಾಲದ ಗಾಳಿಯಲ್ಲಿನ ಕಣಗಳ ಪ್ರಮಾಣ ಘನ ಮೀಟರ್‌ಗೆ 44ರಿಂದ 27 ಮೈಕ್ರೋಗ್ರಾಂಗೆ ಇಳಿಯಿತು, ಹೃದಯ ಮತ್ತು ಶ್ವಾಸಕೋಶದ ಕಾಯಿಲೆಗಳಿಂದ ಚಳಿಗಾಲದಲ್ಲಿ ಸಾಯುವವರ ಸಂಖ್ಯೆಯೂ ಇಳಿಮುಖವಾಯಿತು. ಅಲ್ಲಿ ಕಡಿಮೆಯಾದದ್ದು ಕಾರ್ಖಾನೆಗಳ ಹೊಗೆಯಲ್ಲ, ಚಿಮಣಿಗಳಿದ್ದ ಸಾಧಾರಣ ಮನೆಗಳದು.

ಚಿಮಣಿಯನ್ನು ವರ್ಷಕ್ಕೊಮ್ಮೆಯಾದರೂ ಶುಚಿಗೊಳಿಸದಿದ್ದರೆ ಒಳಗೆ ಗಟ್ಟಿಯಾಗುವ ಅಂಟುಮಸಿ ಹೊತ್ತಿಕೊಂಡು ಮನೆಗೇ ಬೆಂಕಿ ಬೀಳಬಹುದು. ಗಾಳಿ ಹೊರದಬ್ಬುವ ಬಲವಾದ ಫ್ಯಾನ್ ಅದೇ ಮನೆಯಲ್ಲಿದ್ದರೆ ಚಿಮಣಿಯ ಹೊಗೆಯನ್ನು ಅದು ಒಳಗೆ ಎಳೆದುಕೊಳ್ಳಬಲ್ಲದು ಎಂಬುದೂ ಗೊತ್ತಿರಲಿ.

ಅನಿಲ ಅಥವಾ ಸೀಮೆಎಣ್ಣೆಯ ಹೀಟರ್‌ನಲ್ಲಿ ಹೊಗೆಯೇ ಕಾಣುವುದಿಲ್ಲ. ಅದು ಶುದ್ಧವಲ್ಲವೇ?

ಸೂಕ್ಷ್ಮ ಕಣಗಳ ವಿಷಯದಲ್ಲಿ ಅನಿಲವು ಸೌದೆಗಿಂತ ಎಷ್ಟೋ ಪಾಲು ಮೇಲು. ಆದರೆ ಹೊಗೆ ಕೊಳವೆಯಿಲ್ಲದೆ ಕೋಣೆಯೊಳಗೇ ಉರಿಯುವ ಹೀಟರ್‌ಗಳು ನೈಟ್ರೋಜನ್ ಡೈಆಕ್ಸೈಡನ್ನೂ, ಬರ್ನರ್ ಕೆಟ್ಟಿದ್ದರೆ ಕಾರ್ಬನ್ ಮಾನಾಕ್ಸೈಡನ್ನೂ ನಾವು ಉಸಿರಾಡುವ ಗಾಳಿಗೇ ಬಿಡುತ್ತವೆ. ಇದರ ಜೊತೆಗೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ವಸ್ತು ನೀರು. ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಒಂದು ಲೀಟರಿಗಿಂತ ತುಸು ಹೆಚ್ಚೇ ನೀರು ಆವಿಯಾಗಿ ಕೋಣೆಗೆ ಸೇರುತ್ತದೆ. ಒಂದು ಕಿಲೋ ಎಲ್‌ಪಿಜಿ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು. ಆ ಆವಿ ತಣ್ಣನೆಯ ಗೋಡೆಯ ಮೇಲೆ ನೀರಾಗಿ, ಬೂಷ್ಟು ಹಿಡಿದು, ಅಸ್ತಮಾ ಇರುವವರಿಗೆ ಮತ್ತೊಂದು ಬಗೆಯ ತೊಂದರೆ ಕೊಡುತ್ತದೆ.

ನ್ಯೂಜಿಲೆಂಡಿನಲ್ಲಿ ಅಸ್ತಮಾ ಇರುವ 409 ಮಕ್ಕಳ ಮನೆಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಉಪಯುಕ್ತ. ಕೊಳವೆಯಿಲ್ಲದ ಅನಿಲ ಹೀಟರ್ ಅಥವಾ ಸಣ್ಣ ವಿದ್ಯುತ್ ಹೀಟರ್‌ಗಳ ಬದಲು ಹೀಟ್ ಪಂಪ್ (ಹೊರಗಿನ ಶಾಖವನ್ನು ಒಳಗೆ ಸಾಗಿಸುವ ವಿದ್ಯುತ್ ಯಂತ್ರ), ಪೆಲೆಟ್ ಒಲೆ (ಮರದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ತುಂಡುಗಳನ್ನು ಉರಿಸುವ ಒಲೆ) ಅಥವಾ ಕೊಳವೆಯಿರುವ ಅನಿಲ ಹೀಟರ್ ಅಳವಡಿಸಿದ ಮನೆಗಳಲ್ಲಿ ಮಕ್ಕಳ ಕೆಮ್ಮು, ಉಬ್ಬಸ ಕಡಿಮೆಯಾದವು, ಶಾಲೆ ತಪ್ಪಿಸಿಕೊಂಡ ದಿನಗಳೂ ಕಡಿಮೆಯಾದವು. ಶ್ವಾಸಕೋಶದ ಕಾರ್ಯಕ್ಷಮತೆಯ ಅಳತೆಯಲ್ಲಿ ಮಾತ್ರ ಗಮನಾರ್ಹ ಬದಲಾವಣೆ ಕಾಣಲಿಲ್ಲ.

ಯಾವ ಇಂಧನ ಅಗ್ಗ ಎಂದು ಲೆಕ್ಕ ಹಾಕುವುದು ಹೇಗೆ?

ಕಿಲೋ, ಲೀಟರ್, ಸಿಲಿಂಡರ್ ಇವುಗಳ ಬೆಲೆಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವುದರಿಂದ ಏನೂ ತಿಳಿಯುವುದಿಲ್ಲ. ಎಲ್ಲವನ್ನೂ ಒಂದು ಯೂನಿಟ್, ಅಂದರೆ ಒಂದು ಕಿಲೋವಾಟ್ ಗಂಟೆ, ಉಪಯುಕ್ತ ಶಾಖದ ಬೆಲೆಗೆ ಇಳಿಸಬೇಕು. ಅದಕ್ಕೆ ಮೂರು ಸಂಖ್ಯೆಗಳು ಬೇಕು: ಇಂಧನದ ಬೆಲೆ, ಅದರಲ್ಲಿ ಅಡಗಿರುವ ಶಾಖ, ಮತ್ತು ಒಲೆಯ ದಕ್ಷತೆ. ಬೆಲೆಯನ್ನು ಮಿಕ್ಕೆರಡರ ಗುಣಲಬ್ಧದಿಂದ ಭಾಗಿಸಿದರೆ ಉತ್ತರ ಸಿಗುತ್ತದೆ.

ಸ್ಥೂಲವಾಗಿ ಹೇಳುವುದಾದರೆ, ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ 4 ಯೂನಿಟ್, ಪೆಲೆಟ್‌ನಲ್ಲಿ 4.8, ಒಳ್ಳೆಯ ಕಲ್ಲಿದ್ದಲಿನಲ್ಲಿ 7ರಿಂದ 8, ಎಲ್‌ಪಿಜಿಯಲ್ಲಿ 13ರ ಹತ್ತಿರ, ಒಂದು ಲೀಟರ್ ಸೀಮೆಎಣ್ಣೆಯಲ್ಲಿ 10 ಯೂನಿಟ್ ಶಾಖವಿರುತ್ತದೆ. ದಕ್ಷತೆಯ ಅಂತರ ಇದಕ್ಕಿಂತಲೂ ದೊಡ್ಡದು. ತೆರೆದ ಅಗ್ಗಿಷ್ಟಿಕೆಯಲ್ಲಿ ಶೇಕಡಾ 10ರಿಂದ 20ರಷ್ಟು ಶಾಖ ಮಾತ್ರ ಕೋಣೆಗೆ ಸಿಕ್ಕರೆ, ಬಾಗಿಲಿರುವ ಒಳ್ಳೆಯ ಸೌದೆ ಒಲೆಯಲ್ಲಿ ಶೇಕಡಾ 60ರಿಂದ 80, ಪೆಲೆಟ್ ಒಲೆಯಲ್ಲಿ 80ರಿಂದ 90, ನೀರು ಕಾಯಿಸಿ ಮನೆಯನ್ನು ಬೆಚ್ಚಗಿಡುವ ಆಧುನಿಕ ಅನಿಲ ಬಾಯ್ಲರ್‌ನಲ್ಲಿ ಸುಮಾರು 90ರಷ್ಟು ಸಿಗುತ್ತದೆ.

ಕೋಣೆಗೆ 100 ಯೂನಿಟ್ ಶಾಖ ಬೇಕೆಂದುಕೊಳ್ಳೋಣ. ಶೇಕಡಾ 70 ದಕ್ಷತೆಯ ಮುಚ್ಚಿದ ಒಲೆಯಲ್ಲಿ ಒಣ ಸೌದೆ ಉರಿಸಿದರೆ ಸುಮಾರು 36 ಕಿಲೋ ಸಾಕು. ಅದೇ ಸೌದೆಯನ್ನು ಶೇಕಡಾ 15 ದಕ್ಷತೆಯ ತೆರೆದ ಅಗ್ಗಿಷ್ಟಿಕೆಯಲ್ಲಿ ಉರಿಸಿದರೆ ಸುಮಾರು 167 ಕಿಲೋ ಬೇಕು. ನಾಲ್ಕೂವರೆ ಪಟ್ಟು ಹೆಚ್ಚು ಹಣ ಕೊಟ್ಟು, ಅದಕ್ಕಿಂತಲೂ ಹೆಚ್ಚು ಪಟ್ಟು ಹೊಗೆ ಕೊಂಡಂತಾಯಿತು. ಹೀಗಾಗಿ ‘ಸೌದೆ ಅಗ್ಗವೇ, ಅನಿಲ ಅಗ್ಗವೇ’ ಎಂಬ ಪ್ರಶ್ನೆಗಿಂತ ‘ಯಾವ ಒಲೆಯಲ್ಲಿ’ ಎಂಬ ಪ್ರಶ್ನೆ ಮುಖ್ಯ.

ಕೊಳವೆಯಿಲ್ಲದ ಹೀಟರ್ ಮಾರುವವರು ‘ಶೇಕಡಾ 100 ದಕ್ಷತೆ’ ಎನ್ನುವುದುಂಟು. ಶಾಖವೆಲ್ಲ ಒಳಗೇ ಉಳಿಯುತ್ತದೆ ಎಂಬುದು ನಿಜ, ವಿಷವೂ ಉಳಿಯುತ್ತದೆ. ಅದನ್ನು ಹೊರಹಾಕಲು ಕಿಟಕಿ ತೆರೆದೊಡನೆ ಆ ನೂರು ನೂರಾಗಿ ಉಳಿಯುವುದಿಲ್ಲ.

ಹಸಿ ಸೌದೆಯೂ ಉರಿಯುತ್ತದಲ್ಲ, ಒಣಗಿಸಲೇಬೇಕೇ?

ಆಗಷ್ಟೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರು. ಒಂದು ಕಿಲೋ ನೀರನ್ನು ಆವಿಯಾಗಿಸಲು ಸುಮಾರು 0.7 ಯೂನಿಟ್ ಶಾಖ ವ್ಯಯವಾಗುತ್ತದೆ, ಅದು ಕೋಣೆಗೆ ಬರದೆ ಚಿಮಣಿಯಿಂದ ಹೊರಟುಹೋಗುತ್ತದೆ. ಇಂತಹ ಹಸಿ ಸೌದೆಯಲ್ಲಿ ಕಿಲೋಗೆ 2.2 ಯೂನಿಟ್ ಸಿಕ್ಕರೆ ಹೆಚ್ಚು, ಬೆಂಕಿ ತಣ್ಣಗಿರುವುದರಿಂದ ಒಲೆಯ ದಕ್ಷತೆಯೂ ಕುಸಿಯುತ್ತದೆ. ದಕ್ಷತೆ ಶೇಕಡಾ 50ಕ್ಕೆ ಇಳಿದರೆ ಮೇಲಿನ 100 ಯೂನಿಟ್‌ಗೆ ಸುಮಾರು 91 ಕಿಲೋ ಸೌದೆ ಬೇಕಾಗುತ್ತದೆ. ತೂಕದ ಲೆಕ್ಕದಲ್ಲಿ ಹಸಿ ಸೌದೆ ಕೊಳ್ಳುವವರು ನೀರಿಗೆ ದುಡ್ಡು ಕೊಡುತ್ತಿದ್ದಾರೆ.

ಸೀಳಿದ ಸೌದೆಯನ್ನು ಮೇಲೆ ಮರೆ, ಪಕ್ಕದಲ್ಲಿ ಗಾಳಿ ಇರುವಂತೆ ಒಟ್ಟಿ ಒಂದರಿಂದ ಎರಡು ವರ್ಷ ಬಿಟ್ಟರೆ ತೇವಾಂಶ ಶೇಕಡಾ 20ಕ್ಕಿಂತ ಕೆಳಗಿಳಿಯುತ್ತದೆ. ಇಂಗ್ಲೆಂಡಿನಲ್ಲಿ 2021ರ ಮೇ 1ರಿಂದ ಸಣ್ಣ ಪ್ರಮಾಣದಲ್ಲಿ ಮಾರುವ ಸೌದೆ ಈ ಮಿತಿಯೊಳಗೇ ಇರಬೇಕೆಂದು ನಿಯಮ ಬಂದಿದೆ. ತೇವಾಂಶ ಅಳೆಯುವ ಮೀಟರ್ ದುಬಾರಿಯೇನಲ್ಲ. ಹೊರಮೈಗೆ ಚುಚ್ಚದೆ, ಹೊಸದಾಗಿ ಸೀಳಿದ ಒಳಮೈಗೆ ಚುಚ್ಚಿ ನೋಡಬೇಕು.

ನಮಗೆ ಸೌದೆ ಪುಕ್ಕಟೆಯಾಗಿ ಸಿಗುತ್ತದೆ. ಆಗಲೂ ಖರ್ಚು ಎನ್ನುತ್ತೀರಾ?

ಪುಕ್ಕಟೆ ಎಂದರೆ ಹಣ ಕೈಬದಲಾಗಲಿಲ್ಲ ಎಂದಷ್ಟೇ ಅರ್ಥ. ಆಯುವುದು, ಕಡಿಯುವುದು, ಹೊರುವುದು, ಸೀಳುವುದು, ಒಣಗಿಸುವುದು, ಬೂದಿ ತೆಗೆಯುವುದು, ಮಸಿ ಹಿಡಿದ ಗೋಡೆ ತೊಳೆಯುವುದು ಇವಕ್ಕೆಲ್ಲ ಯಾರದೋ ಹೊತ್ತು ಹೋಗಿರುತ್ತದೆ, ಮತ್ತು ಬಹುತೇಕ ಕಡೆ ಅದು ಹೆಂಗಸರ ಮತ್ತು ಮಕ್ಕಳ ಹೊತ್ತು. ಆ ಗಂಟೆಗಳಲ್ಲಿ ಕೂಲಿ ಸಿಗುತ್ತಿತ್ತೇ, ಓದು ನಡೆಯುತ್ತಿತ್ತೇ ಎಂದು ಕೇಳಿಕೊಂಡರೆ ಬೆಲೆ ಗೊತ್ತಾಗುತ್ತದೆ. ಹಾಗೆಂದು ಬೇರೆ ದಾರಿಯಿಲ್ಲದವರನ್ನು ದೂರುವುದು ಸರಿಯಲ್ಲ. ಒಂದೇ ಬಾರಿಗೆ ದೊಡ್ಡ ಮೊತ್ತ ಹೊಂದಿಸಲಾರದ ಮನೆ ದಿನದಿನಕ್ಕೆ ಚಿಕ್ಕ ಮೂಟೆಯಲ್ಲಿ ಇಂಧನ ಕೊಂಡು, ವರ್ಷದ ಕೊನೆಯಲ್ಲಿ ಉಳ್ಳವರಿಗಿಂತ ಹೆಚ್ಚು ದುಡ್ಡು ತೆತ್ತಿರುತ್ತದೆ. ಇದು ಆಯ್ಕೆಯ ತಪ್ಪಲ್ಲ, ಆಯ್ಕೆಯೇ ಇಲ್ಲದ ಸ್ಥಿತಿ.

ವಿದ್ಯುತ್ತಿನಿಂದ ಬೆಚ್ಚಗಾಗುವುದು ಎಲ್ಲಕ್ಕಿಂತ ದುಬಾರಿಯಲ್ಲವೇ?

ಸುರುಳಿ ಕಾಯಿಸುವ ಸಾಮಾನ್ಯ ಹೀಟರ್ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖ ಕೊಡುತ್ತದೆ. ಎಣ್ಣೆ ತುಂಬಿದ್ದು, ಫ್ಯಾನ್ ಇರುವುದು, ಕೆಂಪಗೆ ಹೊಳೆಯುವುದು, ಯಾವುದಾದರೂ ಅಷ್ಟೇ. ‘ವಿದ್ಯುತ್ ಉಳಿಸುವ ಹೀಟರ್’ ಎಂಬ ಜಾಹೀರಾತಿಗೆ ಮರುಳಾಗಬೇಕಿಲ್ಲ. ಆದರೆ ಹೀಟ್ ಪಂಪ್ ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಒಳಗೆ ಸಾಗಿಸುತ್ತದೆ. ಆದ್ದರಿಂದ ಒಂದು ಯೂನಿಟ್ ವಿದ್ಯುತ್ತಿಗೆ ಎರಡೂವರೆಯಿಂದ ನಾಲ್ಕು ಯೂನಿಟ್ ಶಾಖ ಸಿಗುತ್ತದೆ, ಹೊರಗೆ ಚಳಿ ಹೆಚ್ಚಿದಷ್ಟೂ ಇದು ಕಡಿಮೆಯಾಗುತ್ತದೆ. ತಂಪು ಮತ್ತು ಬಿಸಿ ಎರಡನ್ನೂ ಕೊಡುವ ಎಸಿಗಳು ಇದೇ ಯಂತ್ರ; ಅಂಥದ್ದು ಈಗಾಗಲೇ ಮನೆಯಲ್ಲಿದ್ದರೆ ಹೊಸ ಹೀಟರ್ ಕೊಳ್ಳುವ ಮೊದಲು ಅದನ್ನು ಬಳಸಿ ನೋಡಬೇಕು.

ಹೀಟ್ ಪಂಪ್ ಸರಾಸರಿ 3 ಪಟ್ಟು ಶಾಖ ಕೊಡುತ್ತದೆ, ಅನಿಲ ಬಾಯ್ಲರ್‌ನ ದಕ್ಷತೆ ಶೇಕಡಾ 90 ಎಂದುಕೊಂಡರೆ, ವಿದ್ಯುತ್ತಿನ ಒಂದು ಯೂನಿಟ್ ಬೆಲೆ ಅನಿಲದ ಒಂದು ಯೂನಿಟ್ ಬೆಲೆಯ 3.3 ಪಟ್ಟಿಗಿಂತ ಕಡಿಮೆ ಇರುವಲ್ಲೆಲ್ಲ ನಿತ್ಯದ ಖರ್ಚಿನಲ್ಲಿ ಹೀಟ್ ಪಂಪ್ ಗೆಲ್ಲುತ್ತದೆ. ಯಂತ್ರದ ಬೆಲೆ ಹೆಚ್ಚು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದನ್ನು ಯಂತ್ರ ಬಾಳಿಕೆ ಬರುವ ವರ್ಷಗಳಿಗೆ ಹಂಚಿ, ಸಾಲ ಮಾಡಿದ್ದರೆ ಬಡ್ಡಿಯನ್ನೂ ಸೇರಿಸಿ, ನಂತರವೇ ಹೋಲಿಸಬೇಕು.

ಪೆಲೆಟ್ ಒಲೆ ಮಧ್ಯಮ ಮಾರ್ಗವಾಗಬಹುದೇ?

ಆಗಬಹುದು. ಸಮ ಗಾತ್ರ, ಕಡಿಮೆ ತೇವಾಂಶ, ಯಂತ್ರವೇ ಅಳೆದು ಹಾಕುವ ಇಂಧನ ಇವುಗಳಿಂದ ಸೌದೆ ಒಲೆಗಿಂತ ಸಾಕಷ್ಟು ಕಡಿಮೆ ಹೊಗೆ ಬರುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2022ರಿಂದ ಜಾರಿಯಲ್ಲಿರುವ ನಿಯಮದಲ್ಲಿಯೂ ಮುಚ್ಚಿದ ಸೌದೆ ಒಲೆಗೆ ಹೊಗೆಯ ಘನ ಮೀಟರ್‌ಗೆ 40 ಮಿಲಿಗ್ರಾಂ ಕಣಗಳ ಮಿತಿಯಿದ್ದರೆ ಪೆಲೆಟ್ ಒಲೆಗೆ 20ರ ಮಿತಿಯಿದೆ. ಆದರೂ ಅದು ಅನಿಲದಷ್ಟು ಶುಭ್ರವಲ್ಲ, ಓಡಲು ವಿದ್ಯುತ್ ಬೇಕು, ಪೆಲೆಟ್ ಪೂರೈಕೆ ನಿಂತರೆ ಒಲೆ ನಿಂತಂತೆ. ಗಾಳಿಯಾಡದ ಕೊಠಡಿಯಲ್ಲಿ ರಾಶಿ ಹಾಕಿದ ಪೆಲೆಟ್‌ಗಳು ಉರಿಸದೆಯೇ ಕಾರ್ಬನ್ ಮಾನಾಕ್ಸೈಡ್ ಬಿಡುತ್ತವೆ. ದೊಡ್ಡ ದಾಸ್ತಾನು ಕೊಠಡಿಗಳಿಗೆ ಇಳಿದವರು ಸತ್ತ ಉದಾಹರಣೆಗಳಿವೆ.

ಆರೋಗ್ಯದ ಹಾನಿಯನ್ನು ಹಣದಲ್ಲಿ ಅಳೆಯಬಹುದೇ?

ಪೂರ್ತಿಯಾಗಿ ಅಳೆಯಲಾಗದು, ಆದರೂ ಅಳೆಯುವ ಪ್ರಯತ್ನಗಳಿಂದ ಹಾನಿಯ ಗಾತ್ರವಾದರೂ ತಿಳಿಯುತ್ತದೆ. ಮನೆಯೊಳಗಿನ ಮತ್ತು ಹೊರಗಿನ ಸೂಕ್ಷ್ಮ ಕಣಗಳಿಂದ 2019ರಲ್ಲಿ ಆದ ಆರೋಗ್ಯ ಹಾನಿಯನ್ನು ವಿಶ್ವ ಬ್ಯಾಂಕ್ 8.1 ಲಕ್ಷ ಕೋಟಿ ಡಾಲರ್ ಎಂದು ಅಂದಾಜಿಸಿದೆ, ಅದು ಜಗತ್ತಿನ ಒಟ್ಟು ಉತ್ಪನ್ನದ ಶೇಕಡಾ 6.1ರಷ್ಟು. ಇದರಲ್ಲಿ ಮನೆ ಬೆಚ್ಚಗಿಡುವ ಬೆಂಕಿಯದು ಒಂದು ಪಾಲು ಮಾತ್ರ.

ಒಂದು ಮನೆಯ ಮಟ್ಟದಲ್ಲಿ ಲೆಕ್ಕ ಸರಳ: ವೈದ್ಯರ ಶುಲ್ಕ, ಇನ್‌ಹೇಲರ್ ಮತ್ತು ಔಷಧಿ, ಕೆಲಸಕ್ಕೆ ಹೋಗಲಾಗದ ದಿನಗಳ ಸಂಬಳ, ಮಗುವಿನ ಜೊತೆ ಮನೆಯಲ್ಲೇ ಉಳಿದವರ ಸಂಬಳ. ಇವನ್ನು ಒಂದು ಚಳಿಗಾಲದುದ್ದಕ್ಕೂ ಬರೆದಿಟ್ಟು ಇಂಧನದ ಬಿಲ್ಲಿಗೆ ಕೂಡಿಸಿದರೆ ಹೋಲಿಕೆಯ ಚಿತ್ರ ಬದಲಾಗಬಹುದು. ಕಷ್ಟವಿರುವುದು ಇನ್ನೊಂದರಲ್ಲಿ: ಇಂಧನದ ಉಳಿತಾಯ ನನ್ನದು, ಹೊಗೆಯ ಖರ್ಚಿನ ಬಹುಪಾಲು ನೆರೆಹೊರೆಯವರದು. ಆದ್ದರಿಂದಲೇ ಇದನ್ನು ಒಬ್ಬೊಬ್ಬರ ವಿವೇಕಕ್ಕೆ ಬಿಟ್ಟರೆ ಸಾಲದು, ನಿಯಮ ಮತ್ತು ಸಹಾಯಧನ ಎರಡೂ ಬೇಕಾಗುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಸಹಾಯಧನವೇ ತಪ್ಪು ದಿಕ್ಕಿಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಚೀನಾದ ಹುವಾಯ್ ನದಿಯ ಉದಾಹರಣೆಯಿದೆ. ನದಿಯ ಉತ್ತರಕ್ಕೆ ಮಾತ್ರ ಚಳಿಗಾಲದ ಕಲ್ಲಿದ್ದಲನ್ನು ಉಚಿತವಾಗಿಯೋ ಅತಿ ಅಗ್ಗವಾಗಿಯೋ ಒದಗಿಸುವ ನೀತಿ ದಶಕಗಳ ಕಾಲ ಜಾರಿಯಲ್ಲಿತ್ತು. ನದಿಯ ಎರಡೂ ದಡಗಳನ್ನು ಹೋಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವು ಉತ್ತರದಲ್ಲಿ ಕಣಗಳ ಮಾಲಿನ್ಯ ಶೇಕಡಾ 46ರಷ್ಟು ಹೆಚ್ಚಿದ್ದು, ಜನರ ಸರಾಸರಿ ಆಯುಷ್ಯ 3.1 ವರ್ಷ ಕಡಿಮೆ ಇದೆ ಎಂದು ಅಂದಾಜಿಸಿತು.

ಹಾಗಾದರೆ ಬೆಂಕಿಯನ್ನೇ ಹಾಕದೆ ಚಳಿಯನ್ನು ತಡೆದುಕೊಳ್ಳುವುದು ಒಳ್ಳೆಯದೇ?

ಅದೂ ಅಪಾಯವೇ. ತಣ್ಣನೆಯ ಮನೆಯಲ್ಲಿ ರಕ್ತದೊತ್ತಡ ಏರುತ್ತದೆ, ಹೃದಯಾಘಾತ ಮತ್ತು ಉಸಿರಾಟದ ಸೋಂಕು ಹೆಚ್ಚುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ವಸತಿ ಮಾರ್ಗಸೂಚಿ ಚಳಿಗಾಲದಲ್ಲಿ ಮನೆಯೊಳಗೆ 18 ಡಿಗ್ರಿ ಸೆಲ್ಸಿಯಸ್ ಇರುವುದು ಸುರಕ್ಷಿತ ಎನ್ನುತ್ತದೆ. ಶಿಶುಗಳು, ವೃದ್ಧರು, ಕಾಯಿಲೆಯವರು ಇದ್ದರೆ ಇನ್ನೂ ತುಸು ಹೆಚ್ಚು ಬೇಕಾಗಬಹುದು. ಹೊಗೆಗೆ ಹೆದರಿ ಚಳಿಗೆ ಬೀಳುವುದು ಪರಿಹಾರವಲ್ಲ.

ಇಂಧನಗಳನ್ನು ನಿಷೇಧಿಸಿದ ಕಡೆ ಪ್ರಯೋಜನವಾಗಿದೆಯೇ?

ಗಾಳಿ ಶುಭ್ರವಾಗಿದೆ ಎಂಬುದರಲ್ಲಿ ಅನುಮಾನವಿಲ್ಲ. ಲಂಡನ್ನಿನಲ್ಲಿ 1952ರ ಡಿಸೆಂಬರ್ 5ರಿಂದ 9ರವರೆಗೆ ಕವಿದ ಹೊಗೆಮಂಜಿಗೆ ಮನೆಮನೆಯ ಕಲ್ಲಿದ್ದಲಿನ ಬೆಂಕಿಯೂ ಮುಖ್ಯ ಕಾರಣವಾಗಿತ್ತು. ಆಗ ಸುಮಾರು 4,000 ಸಾವುಗಳೆಂದು ಎಣಿಸಲಾಗಿತ್ತು, ನಂತರದ ಅಧ್ಯಯನಗಳು ಆ ಸಂಖ್ಯೆಯನ್ನು 12,000ದವರೆಗೂ ಏರಿಸಿವೆ. ಅದರ ಫಲವಾಗಿ ಬಂದ 1956ರ ಶುದ್ಧ ಗಾಳಿ ಕಾಯಿದೆ ಹೊಗೆರಹಿತ ವಲಯಗಳನ್ನು ಸೃಷ್ಟಿಸಿತು. ಐರ್ಲೆಂಡಿನ ಡಬ್ಲಿನ್‌ನಲ್ಲಿ 1990ರ ಸೆಪ್ಟೆಂಬರ್ 1ರಿಂದ ಹೊಗೆಭರಿತ ಕಲ್ಲಿದ್ದಲಿನ ಮಾರಾಟವನ್ನು ನಿಲ್ಲಿಸಿದಾಗ ಗಾಳಿಯಲ್ಲಿನ ಕಪ್ಪು ಹೊಗೆ ಶೇಕಡಾ 70ರಷ್ಟು ಇಳಿಯಿತು. ಉಸಿರಾಟದ ಕಾಯಿಲೆಗಳಿಂದಾಗುವ ಸಾವುಗಳು ಕಡಿಮೆಯಾದವು. ಹೃದಯದ ಕಾಯಿಲೆಯ ಸಾವುಗಳಲ್ಲಿ ಮೊದಲು ಕಂಡ ಇಳಿಕೆ ಮಾತ್ರ ದೇಶದಾದ್ಯಂತ ಆಗಲೇ ನಡೆಯುತ್ತಿದ್ದ ಸಾಮಾನ್ಯ ಇಳಿಕೆಯ ಭಾಗವಿರಬಹುದು ಎಂದು ನಂತರದ ಮರುವಿಶ್ಲೇಷಣೆ ಹೇಳಿತು.

ನಿಷೇಧವನ್ನು ಬರೀ ಆಜ್ಞೆಯಾಗಿ ಹೊರಡಿಸಿದರೆ ಸಾಲದು ಎಂಬುದಕ್ಕೆ ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್ ಸಾಕ್ಷಿ. ಅಲ್ಲಿ 2019ರ ಮೇ ತಿಂಗಳಲ್ಲಿ ಕಚ್ಚಾ ಕಲ್ಲಿದ್ದಲನ್ನು ನಿಷೇಧಿಸಿ ಸಂಸ್ಕರಿಸಿದ ಉಂಡೆಗಳನ್ನು ಕೊಡಲಾಯಿತು. ಗಾಳಿಯಲ್ಲಿನ ಹೊಗೆ ಇಳಿಯಿತು. ಆದರೆ ಹೊಸ ಉಂಡೆಗಳು ಉರಿಯುವ ರೀತಿ ಬೇರೆಯಾಗಿದ್ದು, ಹಳೆಯ ಒಲೆಗಳಲ್ಲಿ, ಕಟ್ಟಿಕೊಂಡ ಚಿಮಣಿಗಳಲ್ಲಿ ಅವನ್ನು ಉರಿಸಿದ ಮನೆಗಳಿಂದ ಆ ಚಳಿಗಾಲದ ಆರಂಭದಲ್ಲೇ ಕಾರ್ಬನ್ ಮಾನಾಕ್ಸೈಡ್ ವಿಷಬಾಧೆಯ ಪ್ರಕರಣಗಳೂ ಸಾವುಗಳೂ ವರದಿಯಾದವು.

ಏರ್ ಪ್ಯೂರಿಫೈಯರ್ ಹಾಕಿದರೆ ಸಾಕೇ?

ಸೂಕ್ಷ್ಮ ಕಣಗಳನ್ನು ಹಿಡಿಯುವ ಒಳ್ಳೆಯ ಹೆಪಾ ಫಿಲ್ಟರ್ ಇದ್ದರೆ ಕಣಗಳನ್ನು ಗಣನೀಯವಾಗಿ ಕಡಿಮೆ ಮಾಡುತ್ತದೆ, ಹೊರಗಿನಿಂದ ಬರುವ ಹೊಗೆಗೂ ಉಪಯುಕ್ತ. ಕಾರ್ಬನ್ ಮಾನಾಕ್ಸೈಡನ್ನು ಅದು ತಡೆಯುವುದೇ ಇಲ್ಲ.

ಕೈಯಲ್ಲಿ ಹೆಚ್ಚು ಹಣವಿಲ್ಲ, ಮನೆಯೂ ಬಾಡಿಗೆಯದು. ಮೊದಲು ಏನು ಮಾಡಬೇಕು?

ಮೊದಲು ಅಲಾರಂ. ನಂತರ ಇರುವ ಒಲೆಯ ಚಿಮಣಿ ಶುಚಿಗೊಳಿಸುವುದು, ಒಲೆಯ ಬಾಗಿಲಿನ ಸುತ್ತ ಸಂದಿ ಮುಚ್ಚಲು ಹಾಕಿರುವ ಹಗ್ಗ ಸವೆದಿದ್ದರೆ ಬದಲಿಸುವುದು, ಮುಂದಿನ ವರ್ಷದ ಸೌದೆಯನ್ನು ಈ ವರ್ಷವೇ ಒಟ್ಟುವುದು. ಸಣ್ಣ ಸೀಳುಗಳಿಂದ ಚುರುಕಾಗಿ ಹೊತ್ತಿಸಿ, ಗಾಳಿಯನ್ನು ಸಾಕಷ್ಟು ಬಿಟ್ಟು, ಜ್ವಾಲೆ ಕಾಣುವಂತೆ ಉರಿಸಬೇಕು. ರಾತ್ರಿಗೆ ಬೆಂಕಿಯನ್ನು ಹೊಗೆಯಾಡಲು ಬಿಡುವುದಕ್ಕಿಂತ ಮಲಗುವ ಮೊದಲು ಪೂರ್ತಿ ಉರಿದು ಮುಗಿಯಲು ಬಿಟ್ಟು, ಹಾಸಿಗೆಯನ್ನು ಬೆಚ್ಚಗಿಡುವ ವಿದ್ಯುತ್ ಹೊದಿಕೆ ಬಳಸುವುದು ಮೇಲು. ಅದಕ್ಕೆ ತಗಲುವ ವಿದ್ಯುತ್ ಒಂದು ಹಳೆಯ ದೀಪದ ಬುರುಡೆಯಷ್ಟೇ.

ನಂತರದ್ದು ಶಾಖ ಸೋರದಂತೆ ತಡೆಯುವುದು. ದಪ್ಪ ಪರದೆ, ಬಾಗಿಲಿನ ಕೆಳಗಿನ ಸಂದಿಗೆ ಬಟ್ಟೆಯ ಸುರುಳಿ, ಮನೆ ಮಾಲೀಕರು ಒಪ್ಪಿದರೆ ಛಾವಣಿಗೆ ಶಾಖನಿರೋಧಕ ಪದರ. ನ್ಯೂಜಿಲೆಂಡಿನಲ್ಲಿ 1,350 ಮನೆಗಳನ್ನು ಒಳಗೊಂಡು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಶಾಖನಿರೋಧಕ ಅಳವಡಿಸಿದ ಮನೆಗಳಲ್ಲಿ ಇಂಧನದ ಬಳಕೆಯೂ ಉಬ್ಬಸವೂ ರಜೆ ಹಾಕಿದ ದಿನಗಳೂ ಕಡಿಮೆಯಾದುದು ಕಂಡುಬಂದಿತು. ಆದರೆ ಕೊಳವೆಯಿಲ್ಲದ ಬೆಂಕಿ ಒಳಗಿರುವ ಮನೆಯ ಸಂದಿಗಳನ್ನು ಮುಚ್ಚುವುದು ಅಪಾಯಕಾರಿ. ಮೊದಲು ಆ ಬೆಂಕಿ ಹೊರಗೆ ಹೋಗಬೇಕು, ಆಮೇಲೆ ಸಂದಿ ಮುಚ್ಚಬೇಕು.

ಹೊಸ ವ್ಯವಸ್ಥೆ ಬಂದ ಮೇಲೆ ಹಳೆಯ ಒಲೆಯನ್ನು ಇಟ್ಟುಕೊಳ್ಳಬಹುದೇ?

ವಿದ್ಯುತ್ ಕೈಕೊಡುವ ರಾತ್ರಿಗೆಂದು ಇಟ್ಟುಕೊಳ್ಳುವುದು ಅರ್ಥವಾಗುವಂಥದು. ಆದರೆ ಹಳೆಯ ಒಲೆ ಇದ್ದಲ್ಲಿ ಅದು ಮೆಲ್ಲಗೆ ನಿತ್ಯದ ಬಳಕೆಗೆ ಮರಳುತ್ತದೆ ಎಂಬುದು ಅನೇಕ ದೇಶಗಳ ಅನುಭವ. ಹೀಗಾದಾಗ ಹೊಸ ಯಂತ್ರದ ಸಾಲವೂ ಹಳೆಯ ಹೊಗೆಯೂ ಒಟ್ಟಿಗೆ ಉಳಿಯುತ್ತವೆ. ಇಟ್ಟುಕೊಳ್ಳುವುದಾದರೆ ಚಿಮಣಿಯಿರುವುದನ್ನು ಮಾತ್ರ ಇಟ್ಟುಕೊಳ್ಳಬೇಕು, ಅದರ ಪಕ್ಕದಲ್ಲಿ ಕೆಲವು ದಿನಗಳಿಗಾಗುವಷ್ಟು ಒಣ ಸೌದೆ ಇರಬೇಕು, ಚಿಮಣಿಯ ವಾರ್ಷಿಕ ಶುಚಿ ತಪ್ಪಬಾರದು. ವಿದ್ಯುತ್ ಹೋದಾಗ ಜನರೇಟರ್ ಓಡಿಸುವವರು ಅದನ್ನು ಮನೆಯೊಳಗಾಗಲಿ, ಗ್ಯಾರೇಜಿನಲ್ಲಾಗಲಿ, ಕಿಟಕಿಯ ಕೆಳಗಾಗಲಿ ಇಡದೆ, ಕನಿಷ್ಠ 6 ಮೀಟರ್ ದೂರದಲ್ಲಿ, ಹೊಗೆಕೊಳವೆಯ ಬಾಯಿ ಮನೆಯ ಕಡೆಗೆ ತಿರುಗದಂತೆ ಇಡಬೇಕು.